ಹಿಂದಿನಿಂದ ಬರುವ ಸದ್ದು

ಆ ಮನೆಯ ಕಾರಿಗೆ ರಿವರ್ಸ್ ಇರಲಿಲ್ಲ.

ಮುಂದಕ್ಕೆ ಹೋಗುವ ಗೇರುಗಳು ಹೇಗೋ ಬೀಳುತ್ತಿದ್ದವು. ಮೂರನೆಯದನ್ನು ಮಾತ್ರ ಸ್ವಲ್ಪ ಬೈದು ಹಾಕಬೇಕಿತ್ತು. ರಿವರ್ಸ್ ಒಂದು ದಿನ ಕಟಕಟ ಹಲ್ಲು ಕಡಿದು ಹೋದದ್ದು ಮತ್ತೆ ಬರಲಿಲ್ಲ. ಗೇರ್‌ಬಾಕ್ಸ್ ಇಳಿಸಿ ಬಿಚ್ಚಬಹುದು, ಬಿಚ್ಚಿದ ಮೇಲೆ ಹಾಕಲು ಈ ಮಾದರಿಯ ಸಾಮಾನು ಎಲ್ಲೂ ಸಿಗುವುದಿಲ್ಲ ಎಂದು ಮೆಕ್ಯಾನಿಕ್ ಕೈ ಒರೆಸಿಕೊಂಡ. ಹೊಸ ಕಾರು ತೆಗೆದುಕೊಳ್ಳುವುದೆಂದು ಅವತ್ತೇ ತೀರ್ಮಾನವಾಯಿತು. ತೀರ್ಮಾನವಾಗಿ ವರ್ಷ ಕಳೆದಿತ್ತು.

ರಿವರ್ಸ್ ಇಲ್ಲದ ಕಾರಿನವರು ಎಲ್ಲಿಗೆ ಹೋದರೂ ಮೊದಲು ಹೊರಗೆ ಬರುವ ದಾರಿ ಹುಡುಕಬೇಕು. ಆ ಮನೆಯ ಸೊಸೆ ಅಂಗಡಿಯೆದುರಿನ ಖಾಲಿ ಜಾಗಗಳನ್ನೆಲ್ಲ ಬಿಟ್ಟು, ಮೂರು ಬೀದಿ ಆಚೆ, ಮುಂದೆ ಯಾರೂ ನಿಲ್ಲಲಾರದ ತಿರುವಿನಲ್ಲಿ ಕಾರು ನಿಲ್ಲಿಸಿ ನಡೆದು ಬರುತ್ತಿದ್ದಳು. ಅಷ್ಟು ಮಾಡಿಯೂ ಯಾರಾದರೂ ಮುಂದೆ ಅಡ್ಡ ನಿಲ್ಲಿಸಿ ಹೋದರೆ, ಇಳಿದು, ಬಾಗಿಲ ಪಕ್ಕದ ಕಂಬಕ್ಕೆ ಭುಜ ಕೊಟ್ಟು, ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಹಿಂದಕ್ಕೆ ತಳ್ಳಬೇಕಿತ್ತು. ಆಸ್ಪತ್ರೆಯ ಕಾವಲುಗಾರ ಅವಳು ಬರುವುದನ್ನು ಕಂಡರೆ ಕೇಳುವ ಮೊದಲೇ ಕಾರು ತಳ್ಳಲು ಅಂಗಿಯ ತೋಳು ಮಡಚಿಕೊಳ್ಳುತ್ತಿದ್ದ. ನಿಮ್ಮ ಕಾರು ಯಾವತ್ತೂ ಹಿಂದೆ ಸರಿಯುವ ಜಾತಿಯದಲ್ಲ ಬಿಡಿ ಎಂದು ಪಕ್ಕದ ಮನೆಯವರು ನಗುತ್ತಿದ್ದರು. ಮೊದಮೊದಲು ಅವಳೂ ನಗುತ್ತಿದ್ದಳು.

ಅವಳು ಫಿಸಿಯೋಥೆರಪಿಸ್ಟ್. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಎಂಟು ವರ್ಷದಿಂದ ಬೇರೆಯವರ ಕೈಕಾಲು ಮಡಚಿ ಬಿಡಿಸುತ್ತಿದ್ದಳು. ಮೊಣಕಾಲಿಗೆ ಕಾಲು ಗಂಟೆ, ಸೊಂಟಕ್ಕೆ ಕಾಲು ಗಂಟೆ, ಪಾರ್ಶ್ವವಾಯು ಹೊಡೆದ ಇಡೀ ಅರ್ಧ ಮೈಗೂ ಕಾಲು ಗಂಟೆ. ಅದಕ್ಕಿಂತ ಒಂದು ನಿಮಿಷ ಹೆಚ್ಚಾದರೆ ಕೋಣೆಯ ಇನ್‌ಚಾರ್ಜ್ ಬಂದು ಬಾಗಿಲಲ್ಲಿ ನಿಂತು ಗಡಿಯಾರದ ಕಡೆ ನೋಡುತ್ತಿದ್ದ. ಏನೂ ಹೇಳುತ್ತಿರಲಿಲ್ಲ. ಹೇಳಿದ್ದರೆ ತಿರುಗಿ ಹೇಳಬಹುದಿತ್ತು.

ಹಾಗಿರುವಾಗ ಆಸ್ಪತ್ರೆಯವರು ಮನೆಭೇಟಿ ವಿಭಾಗ ತೆರೆದರು. ಬೈಪಾಸ್ ದಾಟಿ ಗುಡ್ಡದ ಮೇಲೆ ಹರಡಿಕೊಂಡಿದ್ದ ಬಡಾವಣೆಗಳಲ್ಲಿ, ಹಾಸಿಗೆ ಬಿಟ್ಟು ಏಳಲಾಗದ ಹನ್ನೊಂದು ಜನ ರೋಗಿಗಳು. ಅವರ ಮನೆಗೇ ಹೋಗಿ ಚಿಕಿತ್ಸೆ ಕೊಡಬೇಕು. ಗಡಿಯಾರ ನೋಡುವವರಿಲ್ಲ. ವಿಭಾಗದ ಹಿರಿಯ ವೈದ್ಯೆ ನೆಲಮಾಳಿಗೆಗೆ ತಾವೇ ಇಳಿದು ಬಂದು ಅವಳನ್ನು ಕೇಳಿದರು. ಅವಳು ಹೂಂ ಎಂದ ಮೇಲೆ ಷರತ್ತು ಹೇಳಿದರು.

“ಮಡಚೋ ಮೇಜು, ನಡೆಸೋ ಕಂಬಿ, ಕರೆಂಟ್ ಮಿಷನ್, ಮೂರೂ ಒಟ್ಟಿಗೆ ನಿಮ್ಮ ಕಾರಲ್ಲಿ ಹಿಡಿಬೇಕು. ಮುಂದಿನ ತಿಂಗಳ ಮೊದಲನೇ ಸೋಮವಾರ ನಾನೇ ಬಂದು ನೋಡ್ತೀನಿ. ಸರಿ ಇದ್ರೆ ಅವತ್ತಿಂದಲೇ ಕೆಲಸ. ಇಲ್ಲಾಂದ್ರೆ ಬೇಜಾರು ಮಾಡ್ಕೋಬೇಡಿ, ಇನ್ನೊಬ್ಬರನ್ನ ನೋಡಿಟ್ಟಿದೀನಿ.”

ಇನ್ನೊಬ್ಬರು ಯಾರೆಂದು ಅವಳಿಗೆ ಗೊತ್ತಿತ್ತು. ಮೇಲಿನ ಮಹಡಿಯ ಮೂಳೆ ವಿಭಾಗದವನು. ರೋಗಿಯ ಮೈ ಮೇಲೆ ಅವನ ಕೈ ಮರದ ಹಲಗೆ. ಆದರೆ ಅವನ ಬಳಿ ಡಬ್ಬದಂಥ ಒಂದು ವ್ಯಾನ್ ಇತ್ತು.

ಗುಡ್ಡದ ಬಡಾವಣೆಗಳ ಬೀದಿಗಳೆಲ್ಲ ಕೊನೆಯಲ್ಲಿ ಗೋಡೆಗೆ ಮುಟ್ಟಿ ನಿಲ್ಲುವಂಥವು. ರಿವರ್ಸ್ ಇಲ್ಲದೆ ಅಲ್ಲಿಗೆ ಹೋದವರು ಅಲ್ಲೇ ಸಂಸಾರ ಹೂಡಬೇಕು. ಜೊತೆಗೆ ಗುಡ್ಡದ ರಸ್ತೆ ತುಂಬ ಲಾರಿಗಳು. ಎಳೆತವಿಲ್ಲದ ಗಾಡಿಯಾದರೆ ಕಲ್ಲು ಹೊತ್ತ ಲಾರಿಯ ಹೊಗೆ ಕುಡಿಯುತ್ತ ಅರ್ಧ ದಿನ ಕಳೆಯುತ್ತದೆ. ಅವಳಿಗೆ ಬೇಕಾದದ್ದು ಏನೆಂದು ಅವಳಿಗೆ ಸ್ಪಷ್ಟವಿತ್ತು: ಹಿಂದೆ ಉದ್ದಕ್ಕೆ ಜಾಗ, ಮುಂದೆ ಗಟ್ಟಿ ಎಂಜಿನ್. ಒಂದು ಶೋರೂಮಿನ ಗಾಜಿನ ಹಿಂದೆ ಅಂಥದ್ದೇ ಒಂದು ವ್ಯಾಗನ್ ನಿಂತಿತ್ತು. ನೀಲಿ. ನೆಲಕ್ಕೆ ತಗ್ಗಿಕೊಂಡು, ಬೆನ್ನು ಉದ್ದ ಮಾಡಿಕೊಂಡು, ಓಡುವುದಕ್ಕೆ ಮೊದಲು ಮೈ ಚಾಚಿದ ಪ್ರಾಣಿಯ ಹಾಗೆ. ಆ ಎಂಜಿನ್ನಿನ ವ್ಯಾಗನ್ ಅದೊಂದೇ ಉಳಿದಿದೆ, ಇನ್ನು ಬರುವುದಿಲ್ಲ ಎಂದ ಟೈ ಕಟ್ಟಿದ ಮಾರಾಟಗಾರ. ಮಾರಾಟಗಾರರು ಯಾವಾಗಲೂ ಹೇಳುವ ಮಾತು ಅದು. ಈ ಸಲ ನಿಜವಾಗಿತ್ತು.

ಇನ್ನು ಗಂಡ. ಅವನು ಪಿಯಾನೊಗಳಿಗೆ ಶ್ರುತಿ ಮಾಡುವವನು. ಸಂಗೀತ ಶಾಲೆಗಳು, ಹೋಟೆಲುಗಳು, ಮಕ್ಕಳಿಗೆ ಕಲಿಸಿಯೇ ತೀರುತ್ತೇವೆಂದು ಹಟ ಹಿಡಿದ ಮನೆಗಳು, ಎಲ್ಲ ಕಡೆ ಅವನೇ. ಊರಿನಲ್ಲಿ ಅವನಿಗೆ ಕಿವಿ ಮೇಷ್ಟ್ರು ಎಂದೇ ಹೆಸರು. ಆ ಹೆಸರು ಸುಮ್ಮನೆ ಬಂದದ್ದಲ್ಲ. ಊಟಕ್ಕೆ ಕೂತವನು ತುತ್ತು ಎತ್ತುವುದು ನಿಲ್ಲಿಸಿ ಪಕ್ಕದ ಮನೆಯ ನೀರಿನ ಪಂಪು ವಾರದೊಳಗೆ ಸುಡುತ್ತದೆ ಎಂದಿದ್ದ, ಸುಟ್ಟಿತು. ಫ್ರಿಜ್ಜಿನ ಗ್ಯಾಸು ಸೋರುತ್ತಿದೆ ಎಂದಿದ್ದ, ಸೋರುತ್ತಿತ್ತು. ಆಮೇಲೆ ಮನೆಯಲ್ಲಿ ಯಾವ ಯಂತ್ರ ಸದ್ದು ಮಾಡಿದರೂ ಎಲ್ಲರೂ ಅದನ್ನು ಬಿಟ್ಟು ಅವನ ಮುಖ ನೋಡುತ್ತಿದ್ದರು. ಅವನು ತಲೆ ಒಂದು ಕಡೆ ಓರೆ ಮಾಡಿ, ಕಣ್ಣು ಮುಚ್ಚಿ, ತೀರ್ಪು ಕೊಡುತ್ತಿದ್ದ. ಅದರ ಮೇಲೆ ಅಪೀಲು ಇರಲಿಲ್ಲ. ಅವನ ತಾಯಿಯಂತೂ ಮಗನ ಕಿವಿಯನ್ನು ತನ್ನದೇ ಕೈಕೆಲಸವೆಂಬಂತೆ ನೆಂಟರ ಮುಂದೆ ಹೇಳಿಕೊಳ್ಳುತ್ತಿದ್ದರು.

ಮೊದಲ ಸಲ ವ್ಯಾಗನ್ ಓಡಿಸಿ ನೋಡಲು ಮೂವರೂ ಹೋದರು. ಅತ್ತೆ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಹೆಣ ಸಾಗಿಸೋ ಗಾಡಿ ಇದ್ದ ಹಾಗಿದೆಯಲ್ಲೇ” ಎಂದರು. ಮಾರಾಟಗಾರ ಟೈ ಸರಿ ಮಾಡಿಕೊಂಡು, ಇದು ಸ್ಪೋರ್ಟಿ ಮಾದರಿ ಅಮ್ಮಾ ಎಂದ. ಹಾಗಾದರೆ ಹೆಣ ಬೇಗ ತಲುಪುತ್ತೆ ಎಂದರು ಅತ್ತೆ. ಆದರೂ ಹಿಂದಿನ ಸೀಟಿನಲ್ಲಿ ಕೂತ ಮೇಲೆ ಕಾಲು ಚಾಚಿ ನೋಡಿ, ಪರವಾಗಿಲ್ಲ ಎಂಬ ಮುಖ ಮಾಡಿದರು.

ಗಂಡ ತನ್ನ ಪೆಟ್ಟಿಗೆಯನ್ನು ಹಳೆಯ ಕಾರಿನಿಂದ ಎತ್ತಿ ತಂದು ವ್ಯಾಗನ್ನಿನ ಹಿಂಭಾಗದಲ್ಲಿ ಇಟ್ಟ. ಅದು ತಗಡಿನ ಉದ್ದ ಪೆಟ್ಟಿಗೆ. ಒಳಗೆ ಶ್ರುತಿಯ ಕೀಲಿಗಳು, ಪಿಯಾನೊ ತಂತಿಯ ಸುರುಳಿಗಳು. ಆ ತಂತಿ ದೂರದಿಂದ ಬರಬೇಕು, ತರಿಸಿದರೆ ತಿಂಗಳುಗಟ್ಟಲೆ ಕಾಯಬೇಕು. ಹಳೆಯ ಕಾರಿನ ಡಿಕ್ಕಿಗೆ ಬೀಗ ಕೂರುತ್ತಿರಲಿಲ್ಲವಾದ್ದರಿಂದ ಅವನು ಎಲ್ಲಿ ಇಳಿದರೂ ಪೆಟ್ಟಿಗೆ ಅವನ ಜೊತೆ ಇಳಿಯುತ್ತಿತ್ತು. ಬೇರೆಯವರು ಇಳಿಯುವಾಗ ಜೇಬು ಮುಟ್ಟಿ ನೋಡಿಕೊಂಡಷ್ಟೇ ಸಲೀಸಾಗಿ. ಯಾರೂ ಗಮನಿಸುತ್ತಿರಲಿಲ್ಲ.

ಅವಳು ಓಡಿಸಿದಳು. ಊರು ದಾಟಿ ಬೈಪಾಸಿಗೆ ಬಂದು ಕಾಲು ಒತ್ತಿದಳು. ಒತ್ತಿದಷ್ಟು ಕಾರು ಹೋಯಿತು. ಅವಳ ಬದುಕಿನಲ್ಲಿ ಒತ್ತಿದಷ್ಟು ಮುಂದೆ ಹೋದದ್ದು ಬೇರೆ ಏನೂ ಇರಲಿಲ್ಲ. ತಿರುವಿನಲ್ಲಿ ಸ್ಟೀರಿಂಗ್ ಅಂಗೈಗೆ ಸರಿಯಾಗಿ ಉತ್ತರ ಕೊಟ್ಟಿತು. ಒಂದು ಲಾರಿ, ಎರಡು ಲಾರಿ ಹಿಂದೆ ಉಳಿದವು. ಮುಳ್ಳು ಎಂಬತ್ತು ದಾಟಿತು.

ಗಂಡ ತಲೆ ಓರೆ ಮಾಡಿದ. ಕಣ್ಣು ಮುಚ್ಚಿದ.

“ಒಂದು ಗುಂಯ್ ಅನ್ನೋದು ಇದೆ,” ಎಂದ. “ಹಿಂದಿನಿಂದ.”

ಅವಳು ಕೇಳಿಸಿಕೊಂಡಳು. ಮೊದಲು ಏನೂ ಕೇಳಿಸಲಿಲ್ಲ. ಅವನು ಅದೇ ಶ್ರುತಿಯಲ್ಲಿ ಬಾಯಿಂದ ಗುನುಗಿ ತೋರಿಸಿದ ಮೇಲೆ ಕೇಳಿಸಿತು: ತೆಳ್ಳಗೆ, ಎಳೆದ ದಾರದ ಹಾಗೆ. ಎಂಬತ್ತಕ್ಕೆ ಬಂದಾಗ ಶುರುವಾಗಿ, ತೊಂಬತ್ತಕ್ಕೆ ಹೋದರೆ ಕರಗಿ, ಮತ್ತೆ ಎಂಬತ್ತಕ್ಕೆ ಇಳಿಸಿದರೆ ಬರುತ್ತಿತ್ತು. ಹಿಂದೆ ಕೂತಿದ್ದ ಅತ್ತೆ, ಹೌದು ಕಣೋ, ನನ್ನ ಬೆನ್ನ ಹಿಂದೇನೇ ಇದೆ ಎಂದರು. ಒಂದು ಸಲ ಕೇಳಿಸಿದ ಮೇಲೆ ಆ ಸದ್ದನ್ನು ಬಿಟ್ಟು ಬೇರೆ ಏನೂ ಕೇಳಿಸದಂತಾಯಿತು. ಅವಳು ಗೇರಿನ ಕೋಲಿನ ಮೇಲೆ ಅಂಗೈ ಇಟ್ಟಳು. ಚಕ್ರದ ಬೇರಿಂಗು ಕೆಟ್ಟರೆ ಕೆಟ್ಟ ಕೀಲಿನ ಹಾಗೆ. ಕಿವಿಗಿಂತ ಮೊದಲು ಕೈಗೆ ಸಿಗುತ್ತದೆ. ಕೈಗೆ ಏನೂ ಸಿಗಲಿಲ್ಲ.

ಹಿಂದಿನ ಚಕ್ರದ ಬೇರಿಂಗು ಎಂದು ತೀರ್ಪಾಯಿತು.

ಮಾರಾಟಗಾರ ಸಂಜೆ ತಾನೇ ಓಡಿಸಿ ನೋಡಿ, ಫೋನು ಮಾಡಿ, ಏನೂ ಸದ್ದಿಲ್ಲ ಎಂದ. ಹಾಗಾದರೆ ನಾವೇ ಮತ್ತೆ ಓಡಿಸುತ್ತೇವೆ ಎಂದು ಮರುದಿನ ಹೋದರು. ಎಂಬತ್ತಕ್ಕೆ ಬಂತು. ಶೋರೂಮಿನವರು ಹಿಂದಿನ ಎರಡೂ ಚಕ್ರ ಬಿಚ್ಚಿ, ಒರೆಸಿ, ಗ್ರೀಸು ಹಚ್ಚಿ ಜೋಡಿಸಿದರು. ಮತ್ತೆ ಓಡಿಸಿದರು. ಮತ್ತೆ ಬಂತು. ಮಾರಾಟಗಾರನಿಗೆ ಇವರನ್ನು ಕಂಡರೆ ಟೈ ಬಿಗಿಯಾಗತೊಡಗಿತು. ಪ್ರತಿ ಸಲ ಅವನು ನಗುತ್ತಲೇ ಬಂದು ಕೀಲಿ ಕೊಡುತ್ತಿದ್ದ, ಆದರೆ ನಗುವಿನಲ್ಲಿ ಹಲ್ಲು ಮಾತ್ರ ಉಳಿದಿದ್ದವು.

ಅವಳು ಒಂದು ದಿನ ಕೆಲಸಕ್ಕೆ ರಜೆ ಹಾಕಿ, ವ್ಯಾಗನ್ನನ್ನು ಅರ್ಧ ದಿನಕ್ಕೆ ಕೇಳಿ ಪಡೆದು, ತಮ್ಮ ಹಳೆಯ ಮೆಕ್ಯಾನಿಕ್ಕನ ಹತ್ತಿರ ಒಯ್ದಳು. ಗಂಡನೂ ಬಂದ. ಒಬ್ಬನೇ ಓಡಿಸಿದರೆ ನನಗೆ ಚೆನ್ನಾಗಿ ಗೊತ್ತಾಗುತ್ತೆ, ನೀವು ಇಬ್ಬರೂ ಇಳಿಯಿರಿ ಎಂದ ಮೆಕ್ಯಾನಿಕ್. ಇಳಿದರು. ಪೆಟ್ಟಿಗೆಯೂ ಇಳಿಯಿತು. ಅವನು ಬೈಪಾಸಿನ ತನಕ ಹೋಗಿ ಬಂದು, ಬಾನೆಟ್ಟಿನ ಮೇಲೆ ಒಮ್ಮೆ ತಟ್ಟಿ, ಕಣ್ಣು ಮುಚ್ಚಿ ತಗೊಳ್ಳಿ ಎಂದ. ಗಂಡ ಪೆಟ್ಟಿಗೆಯನ್ನು ಹಿಂದೆ ಇಟ್ಟು ಹತ್ತಿದ. ವಾಪಸು ಬರುವಾಗ, ಎಂಬತ್ತಕ್ಕೆ, ಅದು ಮತ್ತೆ ಗುನುಗಿತು.

“ಹೇಗೆ?” ಎಂದ ಗಂಡ. ಗೆದ್ದವನ ದನಿಯಲ್ಲಿ ಅಲ್ಲ, ದುಃಖದಿಂದಲೇ. “ಸುತ್ತಿಗೆ ಹೊಡೆದೂ ಹೊಡೆದೂ ಅವನ ಕಿವಿ ಸತ್ತುಹೋಗಿದೆ.”

“ನಾವಿದ್ರೆ ಮಾತ್ರ ಗುನುಗೋ ಕಾರು ಇದು,” ಎಂದಳು ಅವಳು. “ನಮ್ಮನ್ನ ಕಂಡ್ರೆ ಖುಷಿ ಅನ್ಸುತ್ತೆ.”

ಅವನು ನಗಲಿಲ್ಲ. ಹೇಳಿದ ಮಾತಿನಲ್ಲೇ ಉತ್ತರವಿತ್ತು. ಹೇಳಿದವಳಿಗೂ ಕೇಳಿದವನಿಗೂ ಅದು ತಮಾಷೆಯಾಗಿ ಕಂಡಿತು, ಅಷ್ಟೆ.

ಅದೇ ಶೋರೂಮಿನ ಇನ್ನೊಂದು ಮೂಲೆಯಲ್ಲಿ ಒಂದು ಸೆಡಾನ್ ಕಾರಿತ್ತು. ಅದೇ ಎಂಜಿನ್, ಅದೇ ಎಳೆತ, ಬೂದು ಬಣ್ಣ. ಮಾರಾಟಗಾರ ಸೋತು ಅದನ್ನು ತೋರಿಸಿದ. ಪೆಟ್ಟಿಗೆ ಡಿಕ್ಕಿಗೆ ಹೋಯಿತು, ಡಿಕ್ಕಿ ಮುಚ್ಚಿತು, ಮೂವರೂ ಹೋದರು. ಎಂಬತ್ತು ಬಂತು. ಸದ್ದಿಲ್ಲ. ತೊಂಬತ್ತು, ನೂರು, ಮತ್ತೆ ಎಂಬತ್ತು. ಗಂಡ ಕಣ್ಣು ಮುಚ್ಚಿ ಕೂತಿದ್ದವನು ನಿಧಾನವಾಗಿ ಸೀಟಿಗೆ ಒರಗಿದ. ಅಬ್ಬ, ದೇವರ ಕೋಣೆ ಇದ್ದ ಹಾಗಿದೆ ಎಂದರು ಅತ್ತೆ. ಕಾರು ನಿಜವಾಗಿಯೂ ಚೆನ್ನಾಗಿತ್ತು. ಅದೇ ಅವಳಿಗೆ ಸಿಟ್ಟು ಬರಿಸಿತು.

ಅವತ್ತು ಸಂಜೆ ಅಡುಗೆಮನೆಯಲ್ಲಿ ಅವಳು ತರಕಾರಿ ಹೆಚ್ಚುತ್ತ, ವ್ಯಾಗನ್ನೇ ತೆಗೆದುಕೊಳ್ಳೋಣ ಎಂದಳು. ಮೇಜು ಹಿಡಿಯುವುದು ಅದರಲ್ಲಿ. ಟೇಪಿನಲ್ಲಿ ಅಳೆದು ನೋಡಿದ್ದೇನೆ, ಅಂಗೈಯಗಲ ಜಾಗ ಮಿಗುತ್ತದೆ ಎಂದಳು. ಅವನು ಸೆಡಾನಿನಲ್ಲೂ ಹಿಂದಿನ ಸೀಟು ಮಡಚಿದರೆ ಡಿಕ್ಕಿಯಿಂದ ಒಳಗೆ ತೂರಿಸಬಹುದಂತಲ್ಲ ಎಂದ. ಅತ್ತೆ ಬಾಗಿಲಲ್ಲಿ ನಿಂತು, ಸದ್ದು ಮಾಡುವ ಸಾಮಾನನ್ನು ದುಡ್ಡು ಕೊಟ್ಟು ಮನೆಗೆ ತರುವುದುಂಟೇ ಎಂದರು. ಅತ್ತೆಯ ಮುಂದೆ ಅವಳು ಗಂಡನಿಗೆ ನೀವು ಎನ್ನುತ್ತಿದ್ದಳು. ಅವರು ಟೀವಿಯ ಕಡೆ ಹೋದ ಮೇಲೆ ಚಾಕು ಕೆಳಗಿಟ್ಟಳು.

“ನೋಡು, ನಿನ್ನ ಕಿವಿಗೆ ಏನು ಕೇಳಿಸಿತೋ ನನಗೆ ಗೊತ್ತಿಲ್ಲ. ನನ್ನ ಕೈಗೆ ಏನೂ ತಗಲಲಿಲ್ಲ. ಬೇರಿಂಗು ಹೋಗಿದ್ರೆ ಗೇರಲ್ಲಿ, ಸೀಟಲ್ಲಿ, ಎಲ್ಲಾದರೂ ನಡುಕ ಬರ್ಬೇಕು. ಬರ್ಲಿಲ್ಲ.”

“ಕೇಳಿಸಿದ್ದಂತೂ ಹೌದಲ್ಲ? ನಿನಗೂ ಕೇಳಿಸ್ತು.”

“ಕೇಳಿಸ್ತು.”

“ಅಮ್ಮನಿಗೂ ಕೇಳಿಸ್ತು. ನೀನು ಗುಡ್ಡದ ರಸ್ತೇಲಿ ಒಬ್ಬಳೇ ಇರ್ತೀಯ. ಲಾರಿ ದಾಟೋವಾಗ ಚಕ್ರ ಹಿಡ್ಕೊಂಡ್ರೆ? ಅವತ್ತು ನಾನು ಏನು ಹೇಳ್ಲಿ, ಗೊತ್ತಿತ್ತು, ಆದ್ರೂ ಸುಮ್ನಿದ್ದೆ ಅಂತಾನಾ?”

ಅವನು ಹಟಕ್ಕೆ ಹೇಳುತ್ತಿರಲಿಲ್ಲ. ಹಟಕ್ಕೆ ಹೇಳಿದ್ದರೆ ಅವಳು ಜಗಳವಾಡಿ ಗೆಲ್ಲುತ್ತಿದ್ದಳು. ಅವನಿಗೆ ನಿಜವಾಗಿ ಭಯವಾಗಿತ್ತು, ಆ ಭಯ ಅವಳಿಗೂ ಅಂಟಿತು. ಪಂಪು ಸುಟ್ಟದ್ದು ನೆನಪಾಯಿತು, ಫ್ರಿಜ್ಜು ನೆನಪಾಯಿತು. ಎಂಟು ವರ್ಷದಿಂದ ಸಾವಿರಾರು ಕೀಲುಗಳ ಮೇಲೆ ಇಟ್ಟ ಕೈಯನ್ನು ಆ ಗಳಿಗೆಯಲ್ಲಿ ಅವಳೇ ನಂಬಲಿಲ್ಲ. ಈರುಳ್ಳಿ ಹೆಚ್ಚುವುದು ಮುಂದುವರಿಸಿದಳು.

ಹಳೆಯ ಕಾರು ಆ ವಾರವೇ ಕ್ಲಚ್ಚನ್ನೂ ಕಳೆದುಕೊಂಡಿತು. ಶೋರೂಮಿಗೆ ಅದನ್ನು ಬೇರೆ ಗಾಡಿಗೆ ಕಟ್ಟಿ ಎಳೆಸಿಕೊಂಡು ಹೋಗಬೇಕಾಯಿತು. ಅದನ್ನು ಬದಲಿಗೆ ಕೊಟ್ಟು, ಉಳಿದದ್ದಕ್ಕೆ ಸಾಲ ತೆಗೆದು, ಅವಳು ಸೆಡಾನಿಗೆ ಸಹಿ ಹಾಕಿದಳು. ಸಹಿ ಹಾಕುವ ಮೊದಲು ಡಿಕ್ಕಿಯ ಉದ್ದ ಅಳೆದಳು, ಅಗಲ ಅಳೆದಳು, ಸೀಟು ಮಡಚಿಸಿ ಒಟ್ಟು ಆಳವನ್ನೂ ಅಳೆದಳು. ಎಲ್ಲ ಸಾಕಷ್ಟಿತ್ತು. ಡಿಕ್ಕಿಗೂ ಸೀಟಿಗೂ ನಡುವಿನ ಕಿಂಡಿಯನ್ನು ಮಾತ್ರ ಅಳೆಯಲಿಲ್ಲ. ಮಾರಾಟಗಾರ ಪೆನ್ನು ಹಿಡಿದು ನಿಂತಿದ್ದ, ಗಂಡ ಬಣ್ಣ ಚೆನ್ನಾಗಿದೆ ಎನ್ನುತ್ತಿದ್ದ, ಗಾಜಿನ ಆಚೆ ನೀಲಿ ವ್ಯಾಗನ್ ನಿಂತಿತ್ತು. ಅದರ ಕಡೆ ನೋಡಬಾರದೆಂದು ಬೇಗ ಸಹಿ ಹಾಕಿ ಮುಗಿಸಿದಳು.

ಮೇಜು, ಕಂಬಿ, ಮಿಷನ್ನು ಶನಿವಾರ ಸಂಜೆ ಆಸ್ಪತ್ರೆಯ ಗಾಡಿಯಲ್ಲಿ ಮನೆಗೆ ಬಂದವು. ಭಾನುವಾರ ಬೆಳಿಗ್ಗೆ ತುಂಬಿಸಲು ನೋಡಿದರು. ಕಂಬಿ ಬಿಚ್ಚಿ ಡಿಕ್ಕಿಯಲ್ಲಿಟ್ಟರು, ಹಿಡಿಯಿತು. ಮಿಷನ್ ಹಿಡಿಯಿತು. ಮಡಚಿದ ಮೇಜನ್ನು ಡಿಕ್ಕಿಯಿಂದ ಒಳಗೆ ತೂರಿಸಿದರೆ ಕಿಂಡಿಯ ಹತ್ತಿರ ಟಕ್ ಎಂದು ನಿಂತಿತು. ಓರೆ ಮಾಡಿದರು, ತಿರುಗಿಸಿದರು, ಕಾಲು ಬಿಚ್ಚಿದರು. ಅಡ್ಡ ಇದ್ದದ್ದು ಕಾರಿನ ಉಕ್ಕಿನ ಪಟ್ಟಿ. ಅದು ಯಾರ ಮಾತನ್ನೂ ಕೇಳುವಂಥದ್ದಲ್ಲ. ಅತ್ತೆ ಮೆಟ್ಟಿಲ ಮೇಲೆ ನಿಂತು, ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಎಂದು ಹೇಳುತ್ತಿದ್ದರು. ಮೊದಲ ಬಾರಿಗೆ ಅವಳು ಅವರಿಗೆ ಸುಮ್ಮನಿರಿ ಅತ್ತೆ ಎಂದಳು. ಅವರು ಒಳಗೆ ಹೋಗಿ ಮುಖ ಊದಿಸಿಕೊಂಡು ಕೂತರು.

ಮಧ್ಯಾಹ್ನದ ಹೊತ್ತಿಗೆ ಒಂದೇ ದಾರಿ ಉಳಿಯಿತು. ಹಿಂದಿನ ಬಾಗಿಲಿನಿಂದ ಮೇಜನ್ನು ಸೀಟಿನ ಮೇಲೆ ಓರೆಯಾಗಿ ನಿಲ್ಲಿಸಿ, ಓಡಿಸುವವರ ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿದರೆ ಬಾಗಿಲು ಮುಚ್ಚುತ್ತಿತ್ತು. ಮೊಣಕಾಲು ಸ್ಟೀರಿಂಗಿನ ಕೆಳಗೆ ತಾಗುತ್ತಿತ್ತು, ಎದೆಗೂ ಅದಕ್ಕೂ ನಡುವೆ ಒಂದು ಗೇಣು. ಬಾಗಿಲು ಮುಚ್ಚಿತಲ್ಲ ಎಂದ ಗಂಡ. 

ಸೋಮವಾರ ಬೆಳಿಗ್ಗೆ ಹೊರಟರು. ಬೈಪಾಸಿನ ಆಚೆಯ ಹೋಟೆಲೊಂದರಲ್ಲಿ ಅವನಿಗೆ ಪಿಯಾನೊ ಕೆಲಸವಿತ್ತು; ಅಲ್ಲಿ ಇಳಿಸಿ ಅವಳು ಗುಡ್ಡದ ಕೆಳಗಿನ ಮನೆಭೇಟಿ ಕಚೇರಿಗೆ ಹೋಗಬೇಕು. ಡಿಕ್ಕಿ ತುಂಬಿದ್ದರಿಂದ ಪೆಟ್ಟಿಗೆಗೆ ಜಾಗವಿರಲಿಲ್ಲ. ಅವನು ಅದನ್ನು ಮುಂದಿನ ಎರಡು ಸೀಟುಗಳ ನಡುವೆ ಸಿಕ್ಕಿಸಿ, ಮೊಣಕಾಲನ್ನು ಬಾಗಿಲಿಗೆ ಒತ್ತಿಕೊಂಡು ಕೂತ. ಅವಳು ಗೂಡಿನೊಳಗಿನ ಹಕ್ಕಿಯಂತೆ ಮೈ ಮುದುಡಿಕೊಂಡು ಓಡಿಸಿದಳು. ಬೈಪಾಸ್ ಬಂತು. ಎಂಬತ್ತಕ್ಕೆ ಬಂದಳು.

ಗುಂಯ್.

ಅವನ ಮುಖ ಬಿಳಿಚಿಕೊಂಡಿತು. ತಲೆ ಓರೆ ಮಾಡಿದ. “ಇದರಲ್ಲೂ ಶುರುವಾಯ್ತು,” ಎಂದ. “ಅದೇ ಶ್ರುತಿ.”

ಅವಳು ಗೇರಿನ ಕೋಲಿನ ಮೇಲೆ ಕೈ ಇಟ್ಟಳು. ಏನೂ ಇಲ್ಲ. ಗೇರಿನಿಂದ ಕೈ ತೆಗೆದು ಪಕ್ಕದ ಪೆಟ್ಟಿಗೆಯ ಮುಚ್ಚಳದ ಮೇಲೆ ಇಟ್ಟಳು. ಅಂಗೈ ಜುಮ್ಮೆಂದಿತು. ಜೋಮು ಹಿಡಿದ ಕಾಲಿಗೆ ರಕ್ತ ಬರುವಾಗಿನ ಹಾಗೆ, ಸಣ್ಣಗೆ, ಒಂದೇ ಸಮನೆ. ವೇಗ ಇಳಿಸಿದಳು, ನಿಂತಿತು. ಏರಿಸಿದಳು, ಬಂತು. ಅವಳು ಅವನ ಕೈ ಹಿಡಿದು ಎಳೆದು ಮುಚ್ಚಳದ ಮೇಲೆ ಇಟ್ಟಳು.

ಕಿವಿ ಮೇಷ್ಟ್ರಿಗೆ ಅರ್ಥವಾಗಲು ತುಂಬ ಹೊತ್ತು ಬೇಕಾಗಲಿಲ್ಲ. ಪೆಟ್ಟಿಗೆ ತೆರೆದು ತಂತಿಯ ಸುರುಳಿಯೊಂದನ್ನು ಬೆರಳಿನಿಂದ ಒತ್ತಿ ಹಿಡಿದ. ಸದ್ದು ನಿಂತಿತು. ಬಿಟ್ಟ, ಬಂತು. ಹಳೆಯ ಕಾರಿನಲ್ಲೂ ಆ ತಂತಿ ಎಷ್ಟೋ ವರ್ಷ ಹೀಗೆಯೇ ಗುನುಗಿರಬೇಕು. ಅದರ ಎಂಜಿನ್ನು, ಬಾಗಿಲು, ಸೈಲೆನ್ಸರು ಎಲ್ಲ ಒಟ್ಟಿಗೆ ಕೂಗುವಾಗ ಯಾರಿಗೆ ಕೇಳಿಸಬೇಕು. ಸೆಡಾನಿನಲ್ಲಿ ಡಿಕ್ಕಿ ಬೇರೆ, ಜನ ಬೇರೆ. ನಡುವೆ ಸೀಟು ಅಡ್ಡ. ವ್ಯಾಗನ್ನಿನಲ್ಲಿ ಸಾಮಾನು, ಜನ ಎಲ್ಲ ಒಂದೇ ಕೋಣೆ. ಅದು ಮಾಡಿದ ತಪ್ಪು ಅಷ್ಟೇ.

“ನಾನು...” ಎಂದ ಅವನು.

“ಈಗ ಮಾತಾಡ್ಬೇಡ,” ಎಂದಳು. “ಓಡಿಸ್ತಾ ಇದೀನಿ.”

ಹೋಟೆಲಿನ ಬಾಗಿಲಲ್ಲಿ ಅವನನ್ನು ಇಳಿಸಿದಳು. ಅವನು ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು ಇಳಿದ. ಅವಳು ಅಲ್ಲೇ, ಎಂಜಿನ್ ಆರಿಸದೆ, ಶೋರೂಮಿಗೆ ಫೋನು ಮಾಡಿದಳು. ವ್ಯಾಗನ್ ಇದೆಯಾ ಎಂದು ಕೇಳಿದಳು. ಶನಿವಾರವೇ ಹೋಯಿತಲ್ಲ ಮೇಡಂ, ಬಂದವರು ಒಂದೇ ಸಲ ಓಡಿಸಿ ಕೊಂಡುಬಿಟ್ಟರು ಎಂದ ಮಾರಾಟಗಾರ. ಯಾವುದೇ ಸದ್ದಿನ ವಿಷಯ ಎತ್ತಲಿಲ್ಲವೇ ಎಂದು ಅವಳು ಕೇಳಲಿಲ್ಲ. ಸೆಡಾನನ್ನು ವಾಪಸು ತೆಗೆದುಕೊಳ್ಳುತ್ತೀರಾ ಎಂದು ಕೇಳಿದಳು. ನಂಬರು ಬಿದ್ದ ಮೇಲೆ ಅದು ಹಳೆಯ ಕಾರು ಎಂದ ಅವನು, ತನ್ನ ನಗುವಿನ ದನಿಯಲ್ಲಿ.

ಕಚೇರಿಯ ಅಂಗಳದಲ್ಲಿ ಹಿರಿಯ ವೈದ್ಯೆ ಆಗಲೇ ನಿಂತಿದ್ದರು. ಅವಳು ಕಾರು ನಿಲ್ಲಿಸಿದಳು. ಅವರು ಡಿಕ್ಕಿ ತೆಗೆಸಿ ನೋಡಿದರು, ಮುಚ್ಚಿಸಿದರು. ಹಿಂದಿನ ಕಿಟಕಿಯಿಂದ ಮೇಜು ನೋಡಿದರು. ಮೂರೂ ಇದ್ದವು, ಬಾಗಿಲು ಮುಚ್ಚಿತ್ತು. ಅವಳಿಗೆ ಒಂದು ಕ್ಷಣ ಆಸೆ ಹುಟ್ಟಿತು. ಆಮೇಲೆ ಅವರು ಮುಂದಕ್ಕೆ ಬಂದು, ಸ್ಟೀರಿಂಗಿಗೂ ಸೀಟಿಗೂ ನಡುವೆ ಸಿಕ್ಕಿಕೊಂಡಿದ್ದ ಅವಳನ್ನು ನೋಡಿದರು. ಮೊಣಕಾಲು, ಸೊಂಟ, ಕುತ್ತಿಗೆ, ಒಂದೊಂದನ್ನೂ, ರೋಗಿಯನ್ನು ನೋಡುವ ಹಾಗೆ.

“ಹೀಗೇ ಕೂತು ಬಂದ್ರಾ?”

“ಅಭ್ಯಾಸ ಆಗುತ್ತೆ ಮೇಡಂ.”

“ಇದನ್ನ ನಿಮ್ಮ ಹತ್ರ ಬರೋ ಪೇಷಂಟ್ ಹೇಳಿದ್ರೆ ನೀವು ಏನು ಹೇಳ್ತಿದ್ರಿ?”

ಅವಳಿಗೆ ಉತ್ತರ ಗೊತ್ತಿತ್ತು. ದಿನಕ್ಕೆ ಹತ್ತು ಸಲ ಹೇಳುವ ಉತ್ತರ. ಬೇರೆ ಕಾರಿಗೆ ಸ್ವಲ್ಪ ಸಮಯ ಕೊಡಿ ಎಂದು ಕೇಳಿದಳು. ಕಾರಣ ಕೇಳಿದ್ದರೆ ತಂತಿಯ ಕಥೆಯನ್ನೂ ಹೇಳಲು ತಯಾರಿದ್ದಳು. ಅವರು ಕಾರಣ ಕೇಳಲಿಲ್ಲ. ಹಾಸಿಗೆ ಹಿಡಿದವರಿಗೆ ಕಾಯಲು ಸಮಯ ಇಲ್ಲ ಎಂದರು, ಗಡಸಾಗಿ ಅಲ್ಲ. ಆಮೇಲೆ ಅಂಗಳದ ಆಚೆ ಕೈ ಎತ್ತಿದರು. ಅಲ್ಲಿ ನೆರಳಿನಲ್ಲಿ ಡಬ್ಬದಂಥ ವ್ಯಾನ್ ನಿಂತಿತ್ತು. ಮೂಳೆ ವಿಭಾಗದವನು ಅದರ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಅವನೇ ಬಂದು ಅವಳ ಕಾರಿನಿಂದ ಕಂಬಿ, ಮಿಷನ್ನು, ಕೊನೆಗೆ ಮೇಜು ಇಳಿಸಿಕೊಂಡ. ವ್ಯಾನಿನ ಹಿಂದಿನ ಬಾಗಿಲು ತೆರೆದು ಮೇಜನ್ನು ಒಂದೇ ನೂಕಿಗೆ ಒಳಗೆ ತಳ್ಳಿದ. ಯಾವ ಮೂಲೆಗೂ ತಾಗಲಿಲ್ಲ. ಮೊಣಕಾಲು ಮಡಚಿಸುವಾಗ ಹಿಮ್ಮಡಿ ಹಿಡಿದುಕೊಳ್ಳಿ, ಬರೀ ಪಾದ ಹಿಡಿದು ಎಳೆಯಬೇಡಿ ಎಂದು ಅವಳು ಅವನಿಗೆ ಹೇಳಿದಳು. ಗೊತ್ತು ಎಂದ ಅವನು. ಅವನಿಗೆ ಗೊತ್ತಿರಲಿಲ್ಲ.

ಅವಳು ಸೀಟು ಹಿಂದಕ್ಕೆ ತಳ್ಳಿ, ರಿವರ್ಸ್ ಹಾಕಿ, ಒಂದೇ ಸಲಕ್ಕೆ ಅಂಗಳದಿಂದ ಹೊರಗೆ ತಂದಳು. ಮಧ್ಯಾಹ್ನದ ಪಾಳಿಗೆ ನೆಲಮಾಳಿಗೆಯಲ್ಲಿದ್ದಳು. ಇನ್‌ಚಾರ್ಜ್ ಒಮ್ಮೆ ಅವಳನ್ನು, ಒಮ್ಮೆ ಗಡಿಯಾರವನ್ನು ನೋಡಿದ.

ಮನೆಯಲ್ಲಿ ಅವಳು ರಂಪ ಮಾಡಲಿಲ್ಲ. ಅವನು ಎರಡು ದಿನ ಅಪರಾಧಿಯ ಮುಖ ಹೊತ್ತು ಓಡಾಡಿದ, ಪೆಟ್ಟಿಗೆಯೊಳಗೆ ದಪ್ಪ ಬಟ್ಟೆ ಹಾಸಿದ, ಕಾರು ತೊಳೆದ, ಮತ್ತೊಮ್ಮೆ ತೊಳೆದ. ಸಾಲ ತೀರಿದ ಮೇಲೆ ಅದೇ ಮಾದರಿ ಹುಡುಕೋಣ ಎಂದ. ಅವಳು ಆಗಲಿ ಎಂದಳು. ಅತ್ತೆ ಮಾತ್ರ, ಒಂದು ತಂತಿಗಾಗಿ ಇಷ್ಟೆಲ್ಲ ಆಯಿತೇ, ಅವನಿಗೆ ಕೇಳಿಸಿದ್ದೇನು ಸುಳ್ಳಲ್ಲವಲ್ಲ ಎಂದು ಮಗನ ಪರ ನಿಂತರು. ಅದೂ ನಿಜವೇ. ಯಾರೂ ಸುಳ್ಳು ಹೇಳಿರಲಿಲ್ಲ.

ಮುಂದಿನ ವಾರ ವಾಷಿಂಗ್ ಮಿಷನ್ನು ಬಟ್ಟೆ ಹಿಂಡುವಾಗ ಕರ್ರ್ ಎಂದಿತು. ಅವನು ತಲೆ ಓರೆ ಮಾಡಿದವನು ಅರ್ಧದಲ್ಲೇ ನೆಟ್ಟಗಾದ. ಅವಳು ಎದ್ದು ಹೋಗಿ ಮಿಷನ್ನಿನ ಮೇಲೆ ಅಂಗೈ ಇಟ್ಟು ನೋಡಿ, ರಿಪೇರಿಯವನಿಗೆ ಫೋನು ಮಾಡಿದಳು. ಅವನ ಮುಖ ನೋಡಲಿಲ್ಲ.

ಹೋದದ್ದು ಇಷ್ಟು: ನೀಲಿ ವ್ಯಾಗನ್ ಒಂದು, ಹಗಲಿನ ಬೆಳಕಿರುವ ಕೆಲಸ ಒಂದು, ರೋಗಿಗಳು ಹನ್ನೊಂದು ಜನ.